ಅಕ್ಕನಿಗೆ ಮೂರು ಬಣ್ಣದ ಗೆಣಸು

ಬಸ್ಸು ತಪ್ಪಬಹುದಿತ್ತು. ಆಧಾರ್ ಕಾರ್ಡು ಮರೆತು ಹೆಂಗಸರ ಉಚಿತ ಟಿಕೆಟ್ಟು ಕೈತಪ್ಪಬಹುದಿತ್ತು. ಚೀಲದ ಹೊಲಿಗೆ ಬಿಚ್ಚಿ ಗೆಣಸು ಹುಕ್ಕೇರಿ ಸ್ಟ್ಯಾಂಡಿನ ತುಂಬ ಉರುಳಬಹುದಿತ್ತು. ಗ್ಯಾಸ್ ಆರಿಸದೆ ಬಂದಿರಬಹುದಿತ್ತು. ಅದನ್ನು ನೋಡಲು ಗೋಕಾಕದ ನಮ್ಮ ಓಣಿಯ ತುದಿಯಿಂದ ಎರಡು ಸಲ ಮನೆಗೆ ಮರಳಿದೆ. ಎಲ್ಲಕ್ಕಿಂತ ದೊಡ್ಡ ಚಿಂತೆ ಕಣಗಲಾದ ಅಕ್ಕನದು. ಜ್ವರ ಬಿಟ್ಟು ಎರಡು ವಾರವಾದರೂ ಅವಳಿಗೆ ರೊಟ್ಟಿ, ಅನ್ನ ಯಾವುದೂ ಸೇರುತ್ತಿರಲಿಲ್ಲ. "ಗೆಣಸಾದ್ರ ನೋಡೂಣು" ಎಂದು ಫೋನಿನಲ್ಲಿ ಅಂದಿದ್ದಳು. ನನಗೆ ಅಷ್ಟು ಸಾಕಾಯಿತು.

ಮೂಡಲಗಿ ತಾಲೂಕಿನ ಕುಲಗೋಡಕ್ಕೆ ಮೊದಲ ಬಸ್ಸು ಹಿಡಿದೆ. ಚಳಿಯಿತ್ತು. ರಸ್ತೆಯ ಎರಡೂ ಬದಿಗೆ ಕಬ್ಬು. ಅಲ್ಲಿ ಗಂಗವ್ವ ಎಂಬಾಕೆ ಮೂರು ಬಣ್ಣದ ಗೆಣಸು ಬೆಳೆಯುತ್ತಾಳೆಂದು ಕೇಳಿದ್ದೆ. ಆಕೆ ಬದುವಿನ ಮೇಲೆ ಕೂತು ಒಂದೊಂದನ್ನು ಮುರಿದು ತೋರಿಸಿದಳು. ಒಂದು ಒಳಗೆ ಹಾಲಿನ ಬಿಳುಪು, ಇನ್ನೊಂದು ಗಜ್ಜರಿಯ ಕೇಸರಿ, ಮತ್ತೊಂದು ನೇರಳೆ. ನಾನು ಓದಿಕೊಂಡು ಹೋದವಳು, ಸುಮ್ಮನಿರಲಿಲ್ಲ. ದೇಹದಲ್ಲಿ ಎ ಜೀವಸತ್ವವಾಗುವ ಅಂಶ ಕೇಸರಿಯದರಲ್ಲಿ ಹೆಚ್ಚು. ನೇರಳೆಯದರ ಬಣ್ಣ ನೇರಳೆ ಹಣ್ಣಿನ ಬಣ್ಣದ ಬಳಗದ್ದು. ಪೊಟ್ಯಾಶಿಯಂ, ಮೆಗ್ನೀಸಿಯಂ ಮೂರರಲ್ಲೂ ಉಂಟು, ಕಬ್ಬಿಣ ಮಾತ್ರ ತುಸುವೇ ಎಂದೆಲ್ಲ ಒಪ್ಪಿಸಿದೆ.

"ಹೆಚ್ಚು ಶಕ್ತಿ ಯಾವುದ್ರಾಗ ಐತ್ರಿ ಅಕ್ಕಾರ?" ಎಂದಳು ಗಂಗವ್ವ.

"ಖನಿಜ ಬರೇ ಬಣ್ಣ ನೋಡಿ ಬರೂದಿಲ್ಲವ್ವಾ. ತಳಿ, ಮಣ್ಣು ನೋಡಿ ಬರ್ತೈತಿ."

"ಹಂಗಾದ್ರ ಒಂದೀಟ ಮಣ್ಣೂ ಕಟ್ಟಿ ಕೊಡ್ಲೇನ್ರಿ?"

ಸಿಪ್ಪೆ ಸಮೇತ ಕುದಿಸಬೇಕು, ಹೆಚ್ಚಿ ಕುದಿಸಿದರೆ ಸತ್ವ ನೀರಿಗಿಳಿಯುತ್ತದೆ ಎಂಬುದೊಂದರಲ್ಲಿ ಅವಳೂ ನನ್ನ ಪುಸ್ತಕವೂ ಒಂದಾದರು.

ಮೂರೂ ಬಣ್ಣದ್ದನ್ನು ಕೊಂಡು ಗೋಕಾಕಕ್ಕೆ ಮರಳಿ, ಅಲ್ಲಿಂದ ಹೊರಟು ಹುಕ್ಕೇರಿಯಲ್ಲಿ ಚಹಾ ಕುಡಿದು, ಸಂಕೇಶ್ವರದಲ್ಲಿ ಬಸ್ಸು ಬದಲಿಸಿ ಕಣಗಲಾ ತಲುಪುವಾಗ ಮಧ್ಯಾಹ್ನ ಕಳೆದಿತ್ತು. ಅಕ್ಕ ಹೊರಸಿನ ಮೇಲಿದ್ದಳು. ಕೈಯೆತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಬಣ್ಣಕ್ಕೆ ಎರಡರಂತೆ ಕುದಿಸಿ ತಟ್ಟೆ ಮುಂದಿಟ್ಟೆ.

"ಈ ಕೇಸರೀದು ತಿನ್ನಕ್ಕಾ, ಕಣ್ಣಿಗೆ ಭಾಳ ಛಲೋ."

"ನಿನ್ನ ಭಾಷಣ ಆಮ್ಯಾಲ. ಉಪ್ಪು ತಾ."

ಉಪ್ಪು ತಂದು ತಟ್ಟೆಯ ಪಕ್ಕ ಇಟ್ಟೆ. ಅವಳು ಬಿಳಿಯದನ್ನೇ ಎತ್ತಿಕೊಂಡು ನಿಧಾನಕ್ಕೆ ಸಿಪ್ಪೆ ಸುಲಿದಳು. ನಾನು ತುತ್ತು ಎಣಿಸಬಾರದೆಂದು ಕಿಟಕಿಯತ್ತ ತಿರುಗಿದೆ. "ಇನ್ನೊಂದು ಕೊಡು" ಎಂದಾಗ ಕೊಟ್ಟು, ನನ್ನ ಮುಖ ಅವಳಿಗೆ ಕಾಣದಿರಲೆಂದು ಅಡುಗೆಮನೆಗೆ ಹೋಗಿ, ತಟ್ಟೆಯ ಪಕ್ಕದಲ್ಲೇ ಇದ್ದ ಉಪ್ಪನ್ನು ಸ್ವಲ್ಪ ಹೊತ್ತು ಹುಡುಕಿದೆ.

ಮರುದಿನ ಹೊರಟಾಗ ನನ್ನ ಚೀಲ ತುಂಬಿತ್ತು. "ತಂಗಿ ಚೀಲ ಬರಿದ ಹೋಗಬಾರದು" ಎಂದು ಅಕ್ಕ ತಾನೇ ಎದ್ದು ಬುತ್ತಿ ಕಟ್ಟಿದ್ದಳು. ಎದ್ದಳಲ್ಲ ಎಂಬ ಖುಷಿಯಲ್ಲಿ ನಾನು ಬಿಚ್ಚಿ ನೋಡಲೇ ಇಲ್ಲ. ಗೋಕಾಕದಲ್ಲಿ ಗಂಟು ಬಿಚ್ಚಿದರೆ ರೊಟ್ಟಿಯ ಕೆಳಗೆ ಉಳಿದ ಕೇಸರಿ ಗೆಣಸು, ಒಂದೂ ಬಿಡದೆ. ನನ್ನ ಅಷ್ಟೆಲ್ಲ ಚಿಂತೆಗಳಲ್ಲಿ ಇದೊಂದು ಇರಲಿಲ್ಲ.

ಫೋನು ಮಾಡಿ, "ನಿನಗ ತಂದದ್ದನ್ನ ನನಗ ಕಟ್ಟೀಯಲ್ಲಕ್ಕಾ" ಎಂದೆ.

"ಕಣ್ಣಿಗೆ ಛಲೋ ಅಂದಾಕಿ ನೀನು. ಚಾಳೀಸು ಹಾಕ್ಕೊಂಡಾಕಿನೂ ನೀನು" ಎಂದಳು ಅಕ್ಕ, ಏನನ್ನೋ ಅಗಿಯುತ್ತ.