ಸಕ್ರಪ್ಪನ ಹದಿನೇಳು ಕಿಲೋಮೀಟರು

ಸುಳ್ಳು ಹೇಳುವುದರಲ್ಲಿ ಸಕ್ರಪ್ಪ ನಮ್ಮ ಸೀಮೆಗೇ ಹೆಸರಾದವನು. ಕಪ್ಪತಗುಡ್ಡದಲ್ಲಿ ಅವನಿಗೆ ಎದುರಾದ ಚಿರತೆಗಳನ್ನೆಲ್ಲ ಕೂಡಿಸಿದರೆ ಕುರಿ ನಿಲ್ಲಲಿಕ್ಕೂ ಅಲ್ಲಿ ಜಾಗ ಉಳಿಯುವುದಿಲ್ಲ. ವಯಸ್ಸು ಐವತ್ತೆರಡು ಅನ್ನುತ್ತಾನೆ. ಅವನ ಹಿರಿಮಗ ಸುಭಾಸನಿಗೇ ನಲವತ್ತು ತುಂಬಿದೆ. ಆದರೆ ಟ್ರ್ಯಾಕ್ಟರು, ಟೆಂಪೊ, ಲಾರಿ ಎಂದು ಮೂವತ್ತು ವರ್ಷ ಸ್ಟೀರಿಂಗ್ ತಿರುವಿದ ಈ ಮನುಷ್ಯ ಯಾರ ಗಾಡಿಯಿಂದಲೂ ಒಂದು ಬಾಟಲಿ ಎಣ್ಣೆ ಬಸಿದುಕೊಂಡವನಲ್ಲ. ಪೆಟ್ರೋಲು, ಡೀಸೆಲ್ಲು ಎರಡೂ ಅವನ ಬಾಯಲ್ಲಿ ಎಣ್ಣೆಯೇ. “ಗಾಡಿ ಎಣ್ಣಿ ಕದಿಯೂದು ಅಂದ್ರ ದುಡದು ಬಂದ ಎತ್ತಿನ ಬಾಯಾಗಿಂದ ಕಣಕಿ ಕಸಗೊಂಡಂಗ” ಅನ್ನುತ್ತಿದ್ದ.

ಮುಂಡರಗಿ ಕಡೆಯ ತಾಂಡಾದ ಈ ಸಕ್ರಪ್ಪ ಬೆಟಗೇರಿಯ ಕಾಳಿನ ವ್ಯಾಪಾರಿ ಅಂದಪ್ಪನವರ ಬಳಿ ಡ್ರೈವರಾಗಿ ಸೇರಿದ ಮೇಲೆ ನಡೆದದ್ದು ಇದು.

ಅಂದಪ್ಪನವರು ಹೊಸ ಪೆಟ್ರೋಲ್ ಕಾರು ತಂದರು. ಸ್ಟೀರಿಂಗಿನ ಹಿಂದೆ ಅಂಗೈಯಗಲದ ಪರದೆ. ಲೀಟರಿಗೆ ಎಷ್ಟು ಕಿಲೋಮೀಟರು ಓಡುತ್ತಿದೆ ಎಂದು ಅದೇ ಲೆಕ್ಕ ಹಾಕಿ ತೋರಿಸುತ್ತದೆ. ಊರು ದಾಟಿ ನುಣ್ಣನೆಯ ರಸ್ತೆಗೆ ಬಿದ್ದಾಗ ಅಲ್ಲಿ ಇಪ್ಪತ್ನಾಲ್ಕು ಕಂಡರೆ ಸಾಕು, ಅಂದಪ್ಪನವರು ಫೋನು ತೆಗೆದು ಫೋಟೊ ಹೊಡೆಯುತ್ತಿದ್ದರು. ಬೀಗರಿಗೆ, ಷಡ್ಡಕರಿಗೆ, ಕೊನೆಗೆ ಬಸ್ಸಿನಲ್ಲೇ ಓಡಾಡುವ ಬಡ ಮಾಸ್ತರರಿಗೂ ಅದು ಹೋಗುತ್ತಿತ್ತು. ಮೊಮ್ಮಗಳ ತೊಟ್ಟಿಲ ಫೋಟೊ ಕೂಡ ಅಷ್ಟು ಜನರಿಗೆ ಹೋಗಿರಲಿಲ್ಲ.

ಕಡಲೆ ಸುಗ್ಗಿಯ ಹೊತ್ತಿಗೆ ಅವರು ಬಂಕಿನ ಚೀಟಿಗಳನ್ನು ಕೂಡಿಸಿ ನೋಡಿದರೆ ಲೀಟರಿಗೆ ಹದಿನೇಳೇ ಬಂತು. ಅಂಗಡಿಯ ಮುಂದೆ, ಹಮಾಲರೆಲ್ಲ ಚಹಾ ಕುಡಿಯುತ್ತಿದ್ದಾಗಲೇ ಕೇಳಿಬಿಟ್ಟರು.

“ಪರದ್ಯಾಗ ಇಪ್ಪತ್ನಾಲ್ಕು ಐತಿ, ಚೀಟ್ಯಾಗ ಹದಿನೇಳು ಬರ್ತೈತಿ. ನಡುವಿಂದು ಎಲ್ಲಿಗೆ ಹೋತು ಸಕ್ರಪ್ಪಾ?”

“ಎಂಜಿನ್ ಕುಡದೈತ್ರಿ ಸಾವ್ಕಾರ್ರ.”

“ಎಂಜಿನ್ ಕುಡದಿದ್ರ ಪರದಿಗೆ ಗೊತ್ತಾಗ್ತಿರ್ಲಿಲ್ಲೇನಲೇ? ಕಂಪ್ಯೂಟರ್ ಐತಿ ಅದು. ಅದಕ್ಕ ಸುಳ್ಳು ಹೇಳಾಕ ಬರೂದಿಲ್ಲ. ನಿನಗ ಬರ್ತೈತಿ. ನಿನ್ನ ಚಿರತಿ ಕತಿ ಯಾರು ಕೇಳಿಲ್ಲ?”

ಹಮಾಲರು ಚಹಾ ಚೆಲ್ಲುವಂತೆ ನಕ್ಕರು. ಸಕ್ರಪ್ಪ ಕೀಲಿಯನ್ನು ತಕ್ಕಡಿಯ ಮೇಲಿಟ್ಟ.

“ಚಿರತಿ ಸುಳ್ಳ ಇರಲಿ. ನಾಳೆ ನೀವ ಗಾಡಿ ಹೊಡೀರಿ, ನಾ ಹಿಂದ ಕೈ ಕಟಗೊಂಡು ಕುಂಡ್ರತೀನಿ. ಟ್ಯಾಂಕಿ ಗಂಟಲತನಕ ತುಂಬಸೂದು, ನಿಮ್ಮ ದಿನದ ಸುತ್ತು ಮುಗಸೂದು, ಅದ ಬಂಕಿನ್ಯಾಗ ತಿರಗಿ ಗಂಟಲತನಕ ತುಂಬಸೂದು. ಎಷ್ಟು ಹಿಡೀತೈತಿ, ಅಷ್ಟ ಕುಡದೈತಿ. ಹದಿನೇಳಕ್ಕ ಹೆಚ್ಚಿಗಿ ಬಂದ್ರ ನಾ ಕಳ್ಳ.”

ಆ ಮಾತು ಸೋತರೆ ಗದಗದಿಂದ ಮುಂಡರಗಿಯವರೆಗೆ ಯಾರೂ ಅವನ ಕೈಗೆ ಕೀಲಿ ಕೊಡುತ್ತಿರಲಿಲ್ಲ. ಹೆಂಡತಿ ಅಮೃತವ್ವ ಅದಕ್ಕಿಂತ ಚಿಕ್ಕದಾಗಿ ಹೇಳಿ ಮುಗಿಸಿದಳು: “ಸೋತ್ರ ತಾಂಡಾಕ್ಕ ಬರಬ್ಯಾಡ.”

ಮರುದಿನ ಬಂಕಿನ ಮುಸ್ತಾಕ ಇನ್ನೊಂದು ಗುಟುಕೂ ಹಿಡಿಯದಂತೆ ತುಂಬಿದ. ಪರದೆಯನ್ನು ಸೊನ್ನೆಗೆ ತಂದರು. ಅಂದಪ್ಪನವರು ಸ್ಟೀರಿಂಗ್ ಹಿಡಿದರು. ಸಾಕ್ಷಿಗೆಂದು ಅವರ ತಾಯಿ ಬಸವಣ್ಣೆವ್ವ ಮುಂದಿನ ಸೀಟಿನಲ್ಲಿ ಕೂತರು. ಎಂಬತ್ತು ದಾಟಿದ ಅವರಿಗೆ ಕಣ್ಣು ಚುರುಕು, ನಾಲಿಗೆ ಇನ್ನೂ ಚುರುಕು.

ಲಕ್ಷ್ಮೇಶ್ವರದ ರಸ್ತೆಯಲ್ಲಿ ಪರದೆ ಇಪ್ಪತ್ನಾಲ್ಕೂವರೆ ತೋರಿಸಿತು. ಅಂದಪ್ಪನವರ ಒಂದು ಕೈ ತಾನಾಗಿಯೇ ಫೋನಿಗೆ ಹೋಯಿತು.

“ಸಾವ್ಕಾರ್ರ,” ಎಂದ ಹಿಂದಿನಿಂದ ಸಕ್ರಪ್ಪ, “ನೀವು ಚೀಲದ ಬಾಯಾಗಿನ ಕಾಳು ನೋಡಿ ದರಾ ಹೇಳ್ತೀರೇನ್ರಿ?”

ಅಂದಪ್ಪನವರು ಜನ್ಮದಲ್ಲಿ ಚೀಲದ ಬಾಯಿ ನಂಬಿದವರಲ್ಲ. ಮೇಲೆ ಹಾಸಿದ ಚೆಂದದ ಕಾಳಿನ ಕಡೆ ನೋಡದೆ, ಚೂಪಾದ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೇ ಚುಚ್ಚಿ, ಒಳಗಿನ ಹುಳುಕು ಹೊರತೆಗೆದು ಅಂಗೈ ಮೇಲೆ ಹಾಕಿಕೊಳ್ಳುವ ಪೈಕಿ. ಬಸವಣ್ಣೆವ್ವ ಬಾಯ್ತುಂಬ ನಕ್ಕರು. “ಇಲ್ಲಿ ಮಾತ್ರ ಬಾಯಿ ನೋಡಿ ಫೋಟೊ ಹೊಡೀತಾನ ನನ್ನ ಮಗ!”

ಲಕ್ಷ್ಮೇಶ್ವರದ ಪೇಟೆಯಲ್ಲಿ ಮೇವಿನ ಟ್ರ್ಯಾಕ್ಟರಿನ ಹಿಂದೆ ಒಂದನೇ ಗೇರಿನಲ್ಲಿ ತೆವಳಿದಾಗ ಅಂಕಿ ಇಪ್ಪತ್ತೊಂದಕ್ಕೆ ಇಳಿಯಿತು. ಶಿರಹಟ್ಟಿ ದಾಟಿ ಒಂದು ಕಣದ ಬಳಿ ಅಂದಪ್ಪನವರು ಕಡಲೆ ಚೌಕಾಸಿಗೆ ಇಳಿದರು. ತಾಯಿಗೆ ಸೆಕೆಯಾಗಬಾರದೆಂದು ಎಂಜಿನ್ನು, ಏಸಿ ಎರಡೂ ನಡೆದೇ ಇದ್ದವು. ಚೌಕಾಸಿ ಮುಕ್ಕಾಲು ತಾಸು ನಡೆಯಿತು.

“ಅಂದಪ್ಪಾ!” ಬಸವಣ್ಣೆವ್ವ ಕಿಟಕಿ ಇಳಿಸಿ ಕೂಗಿದರು. “ನಿಂತಲ್ಲೇ ಕುಡಿಯಾಕತ್ತೈತಿ ನಿನ್ನ ಗಾಡಿ! ಅಂಕಿ ಇಳೀಲಿಕತ್ತೈತಿ!”

“ಏಸಿ ಬಂದ್ ಮಾಡ್ಲೇನವ್ವಾ?”

“ಬಂದ್ ಮಾಡಿ ನೋಡು, ಹೇಳ್ತೀನಿ.”

ಮುಂಡರಗಿಯಲ್ಲಿ ಮೂರು ಚೀಲ ಕಡಲೆ ಡಿಕ್ಕಿಗೆ ಬಿದ್ದವು. ಡಂಬಳದ ಮೇಲಿಂದ ಗದಗಿನ ಬಂಕಿಗೆ ಮರಳಿದಾಗ ನೂರಾ ಮೂವತ್ತಾರು ಕಿಲೋಮೀಟರು ಆಗಿತ್ತು. ಪರದೆಯಲ್ಲಿ ಇದ್ದದ್ದು ಹದಿನೆಂಟು ಪಾಯಿಂಟ್ ಆರು.

ಸಕ್ರಪ್ಪ ಮುಂದಕ್ಕೆ ಬಾಗಿ ಅಂಕಿಯನ್ನು ಇನ್ನೊಮ್ಮೆ ಓದಿದ. ಇಪ್ಪತ್ನಾಲ್ಕು ಹೋದದ್ದೇನೋ ಖರೆ, ಆದರೆ ಅವನು ಆಡಿದ ಮಾತು ಹದಿನೇಳರದ್ದು.

“ಹದಿನೇಳಲ್ಲ ನೋಡು,” ಎಂದರು ಅಂದಪ್ಪನವರು, ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕ ಹಾಗೆ.

“ಇನ್ನೂ ತುಂಬಸಿಲ್ರಿ.”

ಮುಸ್ತಾಕ ತುಂಬಿದ. ಪೆಟ್ರೋಲು ಕತ್ತಿನವರೆಗೆ ಬಂದಾಗ ಪಂಪು ಸರಿಯಾಗಿ ಎಂಟು ಲೀಟರಿಗೆ ನಿಂತಿತ್ತು. ಮುಸ್ತಾಕ ಫೋನಿನಲ್ಲಿ ಭಾಗಿಸಿ ಎತ್ತಿ ತೋರಿಸಿದ: ಹದಿನೇಳು.

“ನಿಮ್ಮ ಪರದಿನೂ ಸ್ವಲ್ಪ ಚಿರತಿ ಕಂಡೈತ್ರಿ ಸಾವ್ಕಾರ್ರ,” ಎಂದ ಸಕ್ರಪ್ಪ.

ಅಂದಪ್ಪನವರು ಏನೋ ಗೊಣಗಿದರು. ತಾಯಿ ಬಿಡಲಿಲ್ಲ. “ಮಂದಿ ಮುಂದ ಅಂದೀದಿ, ಮಂದಿ ಮುಂದ ಹೇಳು.” ಅಂದಪ್ಪನವರು ಅಂಗಡಿಗೆ ಹೋಗಿ ಹಮಾಲರ ಎದುರು ಹೇಳಿದರು: “ಸಕ್ರಪ್ಪ ಕದ್ದಿಲ್ಲ. ನಾನ ತಪ್ಪು ತಿಳದಿದ್ದೆ.” ಈ ಸಲ ಯಾರೂ ನಗಲಿಲ್ಲ, ಸಂಬಳ ಕೊಡುವವರನ್ನು ನೋಡಿ ನಗುವ ರೂಢಿ ನಮ್ಮ ಹಮಾಲರಿಗಿಲ್ಲ.

ಸಕ್ರಪ್ಪ ಕೀಲಿ ತಗೊಂಡ, ಆದರೆ ಒಂದು ಕರಾರಿನ ಮೇಲೆ. ಅಂದಿನಿಂದ ಬಂಕಿಗೆ ಬಂದೊಡನೆ ಅವನು ಗಾಡಿಯಿಂದಿಳಿದು ಇಪ್ಪತ್ತು ಹೆಜ್ಜೆ ಆಚೆ, ಬೇವಿನ ಮರದ ನೆರಳಿಗೆ ಹೋಗಿ ನಿಲ್ಲುತ್ತಾನೆ. ಅಂದಪ್ಪನವರೇ ಧೋತರ ಎತ್ತಿ ಕಟ್ಟಿ, ಸುಡುವ ಬಿಸಿಲಿನಲ್ಲಿ ಪಂಪಿನ ಎದುರು ನಿಂತು ಟ್ಯಾಂಕಿಯ ಬಾಯಿ ಕಾಯಬೇಕು. “ಬಾರೋ ಮಾರಾಯಾ, ನಂಬೀನಿ ನಿನ್ನ!” ಎಂದು ಅವರು ಎಷ್ಟು ಸಲ ಕೂಗಿದ್ದಾರೋ.

“ನೀವು ನಂಬ್ರಿ, ಬ್ಯಾಡ ಅನ್ನಂಗಿಲ್ಲ,” ಅನ್ನುತ್ತಾನೆ ಅವನು ನೆರಳಿನಿಂದಲೇ. “ನಂಗ ಇಲ್ಲೇ ತಂಪೈತಿ.”