ಶೇಡಿ ಮಣ್ಣಿನ ವರದಿ

ಸೀತಾಂಗೋಳಿಯ ಒಂದು ಖಾಸಗಿ ಮಣ್ಣು ಪರೀಕ್ಷಾ ಲ್ಯಾಬಿನಲ್ಲಿ ನಾನು ಟೆಕ್ನೀಶಿಯನ್ ಆಗಿದ್ದೆ. ಮಣ್ಣು ಎಷ್ಟು ನೀರು ಕುಡಿದರೆ ಮೆತ್ತಗಾಗುತ್ತದೆ, ಎಷ್ಟು ಕುಡಿದರೆ ಹರಿಯತೊಡಗುತ್ತದೆ ಎಂದು ನೋಡಿ ಬರೆದುಕೊಡುವುದು ನನ್ನ ಕೆಲಸ.

ಒಂದು ಮೇ ತಿಂಗಳಲ್ಲಿ ಕುಂಬ್ಡಾಜೆ ಕಡೆಯ ಅಂಗನವಾಡಿ ಟೀಚರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದ ಮಣ್ಣು ತಂದರು. ಐವತ್ತರ ಆಸುಪಾಸಿನ ಬ್ಯಾರಿ ಹೆಂಗಸು. ಅಂಗನವಾಡಿಯ ಅಂಗಳ ಅಗಲ ಮಾಡಲು ಹಿಂದಿನ ಗುಡ್ಡ ಕಡಿದಿದ್ದರಂತೆ. ಕೆಂಪು ಮುರಕಲ್ಲಿನ ಪದರದ ಅಡಿಯಲ್ಲಿ ಬಿಳಿ ಜೇಡಿಯಂಥ ಶೇಡಿ ಮಣ್ಣು ಬಾಯಿಬಿಟ್ಟಿದೆ, ಬೇಸಿಗೆಯಲ್ಲೂ ಅದರ ಪಸೆ ಆರಿಲ್ಲ ಎಂದರು. ಪಂಚಾಯತ್ ಆಫೀಸಿನಲ್ಲಿ ಯಾರೂ ಕಿವಿಗೊಟ್ಟಿರಲಿಲ್ಲ.

"ಮೂವತ್ತು ಮಕ್ಕಳುಂಟು ತಂಗೀ. ಒಮ್ಮೆ ನೋಡಿ ಕೊಡಿ."

ಕಾಗದವಿಲ್ಲದ ಮಣ್ಣನ್ನು ನಾವು ತೆಗೆದುಕೊಳ್ಳುವ ಹಾಗಿರಲಿಲ್ಲ. ಆದರೂ ತೆಗೆದುಕೊಂಡೆ. ಸ್ವಲ್ಪ ತೂಗಿ ಒಣಗಿಸಲು ಓವನ್ನಿಗಿಟ್ಟೆ. ಉಳಿದದ್ದನ್ನು ನೀರಲ್ಲಿ ಕಲಸಿ ಹಿತ್ತಾಳೆಯ ಬಟ್ಟಲಿಗೆ ಹಚ್ಚಿ, ನಡುವೆ ಗೀರು ಎಳೆದು, ಹಿಡಿ ತಿರುಗಿಸಿ ಬಟ್ಟಲನ್ನು ಕುಟ್ಟಿಸಿದೆ. ಇಪ್ಪತ್ತೈದು ಪೆಟ್ಟಿಗೆ ಗೀರು ಕೂಡಿಕೊಂಡರೆ, ಆಗ ಮಣ್ಣಿನಲ್ಲಿರುವ ನೀರೇ ಅದರ ಹರಿಯುವ ಮಿತಿ ಎಂದು ಲೆಕ್ಕ. ಆ ಮಣ್ಣು ಗುಡ್ಡದಲ್ಲಿರುವಾಗಲೇ ಕುಡಿದಿದ್ದ ನೀರು ಆ ಮಿತಿಗಿಂತ ತುಸುವೇ ಕಡಿಮೆಯಿತ್ತು. ಮಳೆ ಇನ್ನೂ ಶುರುವಾಗಿರಲಿಲ್ಲ.

ನಾನು ಬರೆದುಕೊಟ್ಟ ಚೀಟಿಯನ್ನು ಅವರು ಆಫೀಸಿಗೆ ಒಯ್ದರು. ಲ್ಯಾಬಿನ ಸೀಲು ಇಲ್ಲವೆಂದು ಹಿಂದೆ ಕಳಿಸಿದರಂತೆ.

ಜುಲೈಯ ಒಂದು ಆದಿತ್ಯವಾರ ಗುಡ್ಡ ಕುಸಿಯಿತು. ರಜೆಯಾದ್ದರಿಂದ ಒಳಗೆ ಯಾರೂ ಇರಲಿಲ್ಲ. ಕಿಟಕಿಯ ಎತ್ತರಕ್ಕೆ ಮಣ್ಣು ತುಂಬಿತ್ತು. ಮಕ್ಕಳು ಕೂರಲು ಊರಿನ ಕ್ಲಬ್ಬಿನ ಜಗಲಿಗೆ ಹೋದರು. ಬೇರೆ ಜಾಗ ಸಿಗದೆ, ಕೊನೆಗೆ ಅಲ್ಲೇ ಹೊಸ ಕಟ್ಟಡ ಕಟ್ಟುವುದೆಂದಾಯಿತು.

ಈ ಸಲ ಮಣ್ಣು ಕಾಗದಪತ್ರದೊಂದಿಗೆ, ಕಂಟ್ರಾಕ್ಟರರ ಮೂಲಕ ಬಂತು. ಚೀಲದ ಮೇಲೆ ಅದೇ ಅಂಗನವಾಡಿಯ ವಿಳಾಸ. ಬಿಚ್ಚಿ ನೋಡಿದರೆ ಕೆಂಪು ಜಲ್ಲಿಮಣ್ಣು. ಗಾಜಿನ ಮೇಲೆ ಹೊಸೆದರೆ ಎಳೆಯಾಗದೆ ಪುಡಿಯಾಯಿತು. ಶೇಡಿಯಾಗಿದ್ದರೆ ನೂಲಿನ ಹಾಗೆ ಬರುತ್ತಿತ್ತು.

ಇದು ಅಲ್ಲಿಯ ಮಣ್ಣಲ್ಲವೆಂದು ಲ್ಯಾಬಿನ ಯಜಮಾನರಿಗೆ ಹೇಳಿದೆ. ನಾವೇ ಹೋಗಿ ತರುವುದಾ ಎಂದೂ ಕೇಳಿದೆ. ಅವರು ಕನ್ನಡಕ ಒರೆಸುತ್ತಾ, "ಬಂದ ಮಣ್ಣು ನೋಡುವುದು ನಮ್ಮ ಕೆಲಸ. ಎಲ್ಲಿಂದ ಬಂತು ಅಂತ ಕೇಳ್ಲಿಕ್ಕೆ ನಾವು ಯಾರು?" ಎಂದರು.

ಸಹಿ ಹಾಕುವುದಿಲ್ಲ ಎನ್ನಬಹುದಿತ್ತು. ಎರಡು ದಿನ ವರದಿಯನ್ನು ಡ್ರಾಯರಿನಲ್ಲಿಟ್ಟೆ. ಮೂರನೆಯ ದಿನ ಸಹಿ ಹಾಕಿದೆ. ಬರೆದ ಅಂಕಿಗಳಲ್ಲಿ ಒಂದೂ ಸುಳ್ಳಿರಲಿಲ್ಲ.

ಕಟ್ಟಡ ಎದ್ದಿತು. ಟೀಚರ್ ವರ್ಗಾವಣೆ ಕೇಳಿದ್ದರು, ಸಿಗಲಿಲ್ಲ. ಮರುವರ್ಷ ಮಳೆ ಹಿಡಿದ ವಾರ ಅವರ ಫೋನ್ ಬಂತು. ಹಿಂದಿನಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು.

"ವರದಿ ನೋಡಿದೆ. ಸಹಿ ನಿಮ್ಮದೇ ಅಲ್ವ?"

"ಹೌದು ಟೀಚರ್."

ಕಾರಣ ಕೇಳಿಯಾರು ಎಂದು ಕಾದೆ. ಅವರು ಕೇಳಲಿಲ್ಲ. "ಆಯ್ತು ತಂಗೀ" ಎಂದು ಫೋನ್ ಇಟ್ಟರು. ಮತ್ತೆ ಯಾವತ್ತೂ ನನ್ನೊಡನೆ ಮಾತಾಡಲಿಲ್ಲ.