ಬಾಲದ ಮೇಲೆ ಕುಳಿತ ಬಾಂಬರ್

ಆ ಮನುಷ್ಯನಿಗೆ ಕೈ ಇತ್ತು, ಕರುಳು ಇರಲಿಲ್ಲ. ಇದು ಹೊರಗಿನವರ ಮಾತಲ್ಲ, ಜೊತೆಯಲ್ಲಿ ಬಾಳಿದ ಹೆಂಡತಿಯ ತೀರ್ಪು. ಆಕೆ ಅದನ್ನು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಬಚ್ಚಲಿನ ನಲ್ಲಿ ಸೋರುತ್ತದೆ ಎಂದು ಹೇಳುವ ಧಾಟಿಯಲ್ಲಿ ಹೇಳುತ್ತಿದ್ದಳು.

ಕೈ ಮಾತ್ರ ಅಂಥಿಂಥ ಕೈಯಲ್ಲ. ಹಲ್ಲು ಕಳೆದುಕೊಂಡವರಿಗೆ ಸೆಟ್ಟು ಮಾಡಿಕೊಡುವುದು ಅವರ ಕಸುಬಾಗಿತ್ತು. ಊರಿನ ಅರ್ಧ ಹಿರಿಯರು ಅವರು ಮಾಡಿದ ಹಲ್ಲಿನಲ್ಲೇ ನಗುತ್ತಿದ್ದರು, ಅದೇ ಹಲ್ಲು ಕಡಿದು ಜಗಳವಾಡುತ್ತಿದ್ದರು. ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಇಡೀ ಸೆಟ್ಟನ್ನು ಸುತ್ತಿಗೆಯಿಂದ ಪುಡಿ ಮಾಡಿ, ಮತ್ತೆ ಮೇಣ ಕರಗಿಸಲು ಕೂರುತ್ತಿದ್ದರು. ಜೊತೆಯ ಕೆಲಸಗಾರರು ಮಿಲಿಮೀಟರ್ ಎಂದು ಹೆಸರಿಟ್ಟರು. ಕೊನೆಗೆ ಅಂಚೆಯವನೂ ಅದೇ ಹೆಸರು ಕೂಗಿ ಬಾಗಿಲು ಬಡಿಯುವಂತಾಯಿತು. ಒಮ್ಮೆ ಒಬ್ಬ ವಕೀಲರು, ಹೇಗೂ ಹೊಸ ಹಲ್ಲು, ಮುತ್ತು ಪೋಣಿಸಿದ ಹಾಗೆ ನೇರವಾಗಿರಲಿ ಎಂದು ಕೇಳಿದರಂತೆ. "ನಿಮ್ಮ ದವಡೆ ಸೊಟ್ಟ. ಅದರಲ್ಲಿ ನೇರ ಹಲ್ಲು ಕೂರಿಸಿದ್ರೆ, ನೀವು ಮಾತಾಡೋಕೆ ಮುಂಚೆನೇ ಸುಳ್ಳು ಗೊತ್ತಾಗುತ್ತೆ," ಎಂದರಂತೆ ಮಿಲಿಮೀಟರ್.

ಕೆಲಸ ಬಿಟ್ಟ ಮೇಲೆ ಅದೇ ಅರ, ಅದೇ ಚಿಮಟ, ಅದೇ ಭೂತಗನ್ನಡಿ ಮನೆಯ ಹಿಂದಿನ ಕೋಣೆಗೆ ಬಂದವು. ಹಲ್ಲಿನ ಜಾಗದಲ್ಲಿ ವಿಮಾನ ಬಂತು. ಹಳೆಯ ಮಹಾಯುದ್ಧದ ಕಾಲದ ಬಾಂಬರುಗಳನ್ನು ನಲವತ್ತೆಂಟರಲ್ಲಿ ಒಂದು ಭಾಗಕ್ಕೆ ಇಳಿಸಿ ಕಟ್ಟುವುದು ಅವರ ಹೊಸ ಹುಚ್ಚು. ಅಂಗಡಿಯ ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಕೈತೊಳೆಯುವ ಪೈಕಿ ಅವರಲ್ಲ. ರೆಕ್ಕೆಯ ತಗಡು ಜೋಡಿಸುವ ಒಂದೊಂದು ರಿವೆಟ್ ಮೊಳೆಯನ್ನೂ ಸೂಜಿಮೊನೆಯಿಂದ ಒತ್ತುತ್ತಿದ್ದರು. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸೀಳಿ ಪೈಲಟ್ಟಿನ ಸೀಟಿಗೆ ಬೆಲ್ಟು ಮಾಡುತ್ತಿದ್ದರು. ನಿಜವಾದ ವಿಮಾನ ಭಾರಕ್ಕೆ ಟೈರನ್ನು ಒಂಚೂರು ಚಪ್ಪಟೆ ಮಾಡಿರುತ್ತದೆ ಎಂದು ಗಾಲಿಯ ಅಡಿಯನ್ನು ಉಪ್ಪುಕಾಗದದಲ್ಲಿ ತೀಡುತ್ತಿದ್ದರು. ಎಂಜಿನ್ನಿನ ಹೊಗೆ ರೆಕ್ಕೆಯ ಮೇಲೆ ಬಿಟ್ಟ ಕರೆಗೆ ಪೆನ್ಸಿಲ್ ಪುಡಿ, ಅದನ್ನು ಸವರಲು ಹತ್ತಿ. ಇಷ್ಟೆಲ್ಲ ಸರಿ. ಆದರೆ ವಿಮಾನದ ಹೊಟ್ಟೆಯೊಳಗೂ ಪಕ್ಕೆಲುಬು, ತಂತಿ, ಗುಂಡಿನ ಪೆಟ್ಟಿಗೆ, ಕೊನೆಗೆ ನೀರಿನ ಡಬ್ಬಿ ಕೂಡ ಮಾಡಿ ಬಣ್ಣ ಹಚ್ಚಿ, ಆಮೇಲೆ ಎರಡು ಹೋಳನ್ನು ಸೇರಿಸಿ ಶಾಶ್ವತವಾಗಿ ಮುಚ್ಚಿಬಿಡುತ್ತಿದ್ದರು. ಹೆಂಡತಿಯ ತಲೆಗೆ ಇದು ಹೋಗುತ್ತಿರಲಿಲ್ಲ.

"ಮುಚ್ಚಿದ ಮೇಲೆ ಯಾರ್ರೀ ನೋಡ್ತಾರೆ?"

"ಯಾರೂ ನೋಡಲ್ಲ."

"ಮತ್ತೆ?"

"ಇರುತ್ತೆ," ಎಂದರು.

ಆ ವರ್ಷ ಅವರ ಮನೆಗೆ ಹೆಂಡತಿಯ ಅಕ್ಕ ಬಂದು ಸೇರಿದರು. ಎಂಬತ್ತು ದಾಟಿದ ಒಂಟಿ ಜೀವ. ಕಣ್ಣಿನ ನಡುಭಾಗ ಮಸುಕಾಗಿ ಎದುರಿಗಿದ್ದದ್ದು ಕಾಣದು, ಓರೆಯಾಗಿ ನೋಡಿದರೆ ಅಂಚಿನಲ್ಲಿ ಒಂದಿಷ್ಟು ಕಾಣುತ್ತದೆ. "ಎಲ್ಲರನ್ನೂ ಅನುಮಾನದಿಂದ ನೋಡೋ ಹಾಗಾಗಿದೆ, ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕ್ಬಹುದು," ಎಂದು ಅಕ್ಕ ತಾವೇ ನಗುತ್ತಿದ್ದರು. ಯುದ್ಧದ ಕಾಲದಲ್ಲಿ, ಹದಿನೆಂಟರ ಹುಡುಗಿಯಾಗಿದ್ದಾಗ, ಅವರು ಬಾಂಬರ್ ಕಟ್ಟುವ ಕಾರ್ಖಾನೆಯಲ್ಲಿ ದುಡಿದಿದ್ದರು. ಕಡ್ಡಿಯಂತಿದ್ದುದರಿಂದ ಬಾಲದ ಕೊಳವೆಯೊಳಗೆ ತೆವಳುವ ಕೆಲಸ ಅವರ ಪಾಲಿಗೆ. ಹೊರಗಿನಿಂದ ಒಬ್ಬಳು ರಿವೆಟ್ ಹೊಡೆದರೆ ಒಳಗಿನಿಂದ ಇವರು ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಆ ಸದ್ದಿಗೆ ಎಡಗಿವಿ ಅಲ್ಲೇ ಹೋಯಿತು.

ಮಿಲಿಮೀಟರ್ ಆಗ ಕೈಗೆತ್ತಿಕೊಂಡಿದ್ದೂ ಅದೇ ಜಾತಿಯ ಬಾಂಬರ್. ಅಕ್ಕನಿಗೆ ಹಿಂದಿನ ಕೋಣೆಯಲ್ಲಿ ಒಂದು ಕುರ್ಚಿ ಬಿತ್ತು. ಒಳಗಿನ ಬಣ್ಣ ಯಾವುದೆಂದು ಕೇಳಿದಾಗ ಅಕ್ಕ ತಡಮಾಡದೆ, ಹಣ್ಣಾಗಲು ಹೊರಟ ನಿಂಬೆಕಾಯಿಯ ಬಣ್ಣ ಎಂದರು. ಮಿಲಿಮೀಟರ್ ಪುಸ್ತಕದ ಬಣ್ಣದ ಪಟ್ಟಿ ನೋಡಿ ಸರಿಯೆಂದು ತಲೆಯಾಡಿಸಿದರು. ಅವರು ಯಾರಿಗಾದರೂ ತಲೆಯಾಡಿಸಿದ್ದನ್ನು ಹೆಂಡತಿ ಕಂಡದ್ದು ಕಡಿಮೆ.

ಆಮೇಲೆ ಅಕ್ಕ ಚುಕ್ಕಿಗಳ ವಿಷಯ ತೆಗೆದರು. ಅವರ ತಂಡದಲ್ಲಿ ಆರು ಹುಡುಗಿಯರು. ಕೆಲಸದ ವೇಳೆಯಲ್ಲಿ ಉಗುರಿಗೆ ಬಣ್ಣ ಹಚ್ಚುವಂತಿರಲಿಲ್ಲ. ಅದಕ್ಕೇ ಒಬ್ಬಳು ಕೆಂಪು ಉಗುರುಬಣ್ಣದ ಪುಟ್ಟ ಸೀಸೆ ಕದ್ದುಮುಚ್ಚಿ ತರುತ್ತಿದ್ದಳು. ಒಂದು ವಿಮಾನ ಮುಗಿದಾಗ ಬಾಲದೊಳಗಿನ ಕಟ್ಟಕಡೆಯ ಪಕ್ಕೆಲುಬಿನ ಮೇಲೆ ಆರೂ ಜನ ಸಾಲಾಗಿ ಒಂದೊಂದು ಚುಕ್ಕಿ ಇಡುತ್ತಿದ್ದರು. ಮೂರನೆಯವಳು ಪ್ರತಿಸಲವೂ ಜಾಸ್ತಿ ಬಳಿದು ಎಲ್ಲರಿಂದ ಬೈಸಿಕೊಳ್ಳುತ್ತಿದ್ದಳು.

"ಅದನ್ನೂ ಇಡಿ," ಎಂದರು ಅಕ್ಕ. "ಆರು ಜನರಲ್ಲಿ ಉಳಿದಿರೋಳು ನಾನೊಬ್ಳೇ. ನಾನು ಹೋದ್ರೆ ಅಲ್ಲಿ ಚುಕ್ಕಿ ಇತ್ತು ಅನ್ನೋಕೆ ಯಾರೂ ಇಲ್ಲ."

ಮಿಲಿಮೀಟರ್ ಅರ ಕೆಳಗಿಟ್ಟರು. "ಫೋಟೋ ಇದೆಯಾ ಅಕ್ಕಾ?"

"ಕದ್ದು ಮಾಡಿದ್ದಕ್ಕೆ ಯಾರಾದ್ರೂ ಫೋಟೋ ತೆಗೀತಾರೇನ್ರೀ?"

"ಹಾಗಾದ್ರೆ ಆಗಲ್ಲ. ಇಂದು ನಿಮ್ಮ ಚುಕ್ಕಿ, ನಾಳೆ ಇನ್ನೊಬ್ಬರ ಹೂವು. ಆಮೇಲೆ ಅದು ವಿಮಾನ ಅಲ್ಲ, ಆಟಿಕೆ."

ಮರುದಿನದಿಂದ ಅಕ್ಕ ಆ ಕೋಣೆಗೆ ಹೋಗುವುದನ್ನು ನಿಲ್ಲಿಸಿದರು. ಹೆಂಡತಿ ಗಂಡನಿಗೆ ಬಡಿಸುವಾಗ ಪಾತ್ರೆಗಳನ್ನು ಸದ್ದು ಮಾಡಿಯೇ ಇಟ್ಟಳು. ಒಂದು ಕೆಂಪು ಚುಕ್ಕಿಗೆ ಇಷ್ಟು ಜಿಪುಣತನವೇ? ಅವರ ಕಿವಿಗೆ ಅದೇನೂ ಬೀಳಲಿಲ್ಲ.

ಕೆಲವು ದಿನ ಕಳೆದು, ಆ ಕೋಣೆಯ ಕಸ ಗುಡಿಸುವಾಗ ಹೆಂಡತಿಗೆ ಮೇಜಿನ ಡ್ರಾಯರಿನಲ್ಲಿ, ಹಳೆಯ ದವಡೆಯ ಅಚ್ಚುಗಳ ನಡುವೆ, ಉಗುರುಬಣ್ಣದ ಹೊಸ ಸೀಸೆಯೊಂದು ಸಿಕ್ಕಿತು. ಆಕೆ ಜನ್ಮದಲ್ಲಿ ಉಗುರಿಗೆ ಬಣ್ಣ ಹಚ್ಚಿದವಳಲ್ಲ. ಸೀಸೆಯನ್ನು ಗಂಡನ ಮೂಗಿನ ಕೆಳಗೆ ಹಿಡಿದು, "ಈ ವಯಸ್ಸಲ್ಲಿ ಯಾರಿಗ್ರೀ ಇದು?" ಎಂದಳು.

"ಅಂಟು ಗಟ್ಟಿಯಾಗೋಕೆ," ಎಂದರು ಮಿಲಿಮೀಟರ್, ತಲೆಯೆತ್ತದೆ. ಆ ಹೊತ್ತಿಗೆ ವಿಮಾನದ ಎರಡು ಹೋಳು ಮುಚ್ಚಿಯಾಗಿತ್ತು. ಇರಬಹುದು ಎಂದು ಆಕೆ ಸೀಸೆಯನ್ನು ಇದ್ದಲ್ಲೇ ಇಟ್ಟಳು.

ಗಾಲಿ ಕೂರಿಸಿದ ದಿನ ಅನಾಹುತವಾಯಿತು. ಮೂತಿಯ ಕೆಳಗೊಂದು, ರೆಕ್ಕೆಯ ಕೆಳಗೆರಡು ಗಾಲಿ ಇರುವ ವಿಮಾನ ಅದು. ನಿಜವಾದದ್ದರ ಮೂತಿಯಲ್ಲಿ ಭಾರವಿರುತ್ತದೆ. ಪ್ಲಾಸ್ಟಿಕ್ಕಿನದಕ್ಕೆ ಹೋಳು ಮುಚ್ಚುವ ಮೊದಲೇ ಮೂತಿಯೊಳಗೆ ಸೀಸದ ಗುಂಡು ತುಂಬಿಸಬೇಕು. ಇಲ್ಲದಿದ್ದರೆ ವಿಮಾನ ಮೂತಿ ಎತ್ತಿ ಬಾಲದ ಮೇಲೆ ಕುಳಿತುಬಿಡುತ್ತದೆ. ಮಾದರಿ ಕಟ್ಟುವವರು ಇದನ್ನು ಮೊದಲ ವಿಮಾನದಲ್ಲಿ ಮರೆಯುತ್ತಾರೆ, ಎರಡನೆಯದರಲ್ಲಿ ಮರೆಯುವುದಿಲ್ಲ. ಮಿಲಿಮೀಟರ್ ಈಗ ಮರೆತಿದ್ದರು. ಮೇಜಿನ ಮೇಲೆ ಬಾಂಬರ್ ಅಂಡು ಊರಿ ಆಕಾಶ ನೋಡುತ್ತಿತ್ತು.

ಊರಿನ ಮಾದರಿ ವಿಮಾನ ಕಟ್ಟುವವರ ಸಂಘದ ಪ್ರದರ್ಶನದಲ್ಲಿ ತೀರ್ಪುಗಾರರಾಗಿ ಕೂರುತ್ತಿದ್ದವರು ಇವರೇ. ಬಾಲಕ್ಕೆ ಕೋಲು ಕೊಟ್ಟು ನಿಲ್ಲಿಸಿದ ವಿಮಾನವನ್ನು ಎರಡನೇ ಸಲ ತಿರುಗಿಯೂ ನೋಡದೆ ಪಕ್ಕಕ್ಕೆ ಸರಿಸುತ್ತಿದ್ದರು. ಹಾಗಾಗಿ ಗಂಡ ಈಗ ಗರಗಸ ಹಿಡಿದು ಹೋಳು ಬಿಡಿಸುತ್ತಾರೆ ಎಂದೇ ಹೆಂಡತಿ ತಿಳಿದಳು. ಅವರು ಗರಗಸ ಕೈಗೆತ್ತಿಕೊಂಡು ಬಾಲದ ಕಡೆ ಬಹಳ ಹೊತ್ತು ನೋಡಿದರು. ಮತ್ತೆ ಗೂಟಕ್ಕೆ ನೇತುಹಾಕಿದರು. ಗಾಜಿನ ಒಂದು ಕಡ್ಡಿ ತುಂಡರಿಸಿ ಬಾಲದ ಕೆಳಗೆ ಆಸರೆ ಕೊಟ್ಟರು.

"ಏನ್ರೀ, ಮೈಯಲ್ಲಿ ಹುಷಾರಿಲ್ವಾ?" ಎಂದಳು ಆಕೆ. ನಿಜವಾಗಿಯೂ ಗಾಬರಿಯಾಗಿತ್ತು.

ಪ್ರದರ್ಶನದ ದಿನ ಹೆಂಡತಿ, ಅಕ್ಕ ಇಬ್ಬರೂ ಜೊತೆಗೆ ಹೋದರು. ಸಭಾಂಗಣದಲ್ಲಿ ಆ ಕಡ್ಡಿಯದೇ ಸುದ್ದಿ. ಹೋದ ವರ್ಷ ಇವರ ತೀರ್ಪಿನಿಂದ ಬಹುಮಾನ ಕಳೆದುಕೊಂಡ ದರ್ಜಿ ನಾಲ್ಕು ಜನರನ್ನು ಕಟ್ಟಿಕೊಂಡೇ ಬಂದ. "ಸಾರ್, ವಯಸ್ಸಾದ ಮೇಲೆ ಯಾರಿಗಾದ್ರೂ ಊರುಗೋಲು ಬೇಕೇ ಬೇಕು ಬಿಡಿ," ಎಂದ. ಸುತ್ತಲಿದ್ದವರು ನಕ್ಕರು. ಮಿಲಿಮೀಟರ್, "ಮೂತಿಗೆ ಸೀಸ ಹಾಕೋದು ಮರೆತೆ," ಎಂದರು. ಒಂದು ನೆಪವನ್ನೂ ಹೇಳಲಿಲ್ಲ. ಕೇಳಿದವರಿಗೆಲ್ಲ ಅದೇ ಮಾತು, ಅದೇ ಧ್ವನಿ. ಹೆಂಡತಿಗೆ ಗಂಡನ ಮೇಲೆ ಸಿಟ್ಟೂ ಬಂತು, ದರ್ಜಿಯ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಜನ ತಿಂಡಿಯ ಕಡೆ ಸರಿದಾಗ ಅವರು ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದರು. ತಾವು ಕಟ್ಟಿದ ವಿಮಾನವನ್ನು ಹೆಂಡತಿ ಧೂಳು ಒರೆಸಲು ಮುಟ್ಟಿದರೂ ಸಹಿಸದ ಮನುಷ್ಯ, ಅದನ್ನೆತ್ತಿ ಅಕ್ಕನ ಕೈಗೆ ಕೊಟ್ಟರು. ಬಾಯೊಳಗೆ ನೋಡಲು ಬಳಸುತ್ತಿದ್ದ ಸಣ್ಣ ಟಾರ್ಚನ್ನು ಬಾಲದ ತುದಿಯಲ್ಲಿ ಗುಂಡು ಹೊಡೆಯುವವನಿಗೆಂದು ಇರುವ ಪುಟ್ಟ ಗಾಜಿನ ಕಿಟಕಿಗೆ ಹಿಡಿದರು.

"ಇಲ್ಲಿ ಕಣ್ಣಿಡಿ ಅಕ್ಕಾ. ಓರೆಯಾಗಿ."

ಅಕ್ಕ ತಲೆ ವಾಲಿಸಿ ನೋಡಿದರು. ತುಟಿ ಅಲ್ಲಾಡುತ್ತಿತ್ತು; ಎಣಿಸುತ್ತಿದ್ದರು.

"ಮೂರನೇದು ದಪ್ಪ ಆಗಿದೆ," ಎಂದರು ಕೊನೆಗೆ.

"ನೀವೇ ಹೇಳಿದ್ರಲ್ಲ."

ಹೋಳು ಮುಚ್ಚುವ ದಿನ ಗಂಡನ ಗಮನವೆಲ್ಲ ಬಾಲದಲ್ಲಿದ್ದು ಮೂತಿ ಏಕೆ ಮರೆತುಹೋಯಿತು, ಗರಗಸ ಏಕೆ ಗೂಟಕ್ಕೆ ಮರಳಿತು ಎಂಬುದು ಹೆಂಡತಿಗೆ ಆಗ ಹೊಳೆಯಿತು. ಆಕೆ ಏನೋ ಹೇಳಲು ಬಾಯಿ ತೆರೆದಳು. ಅವರು ಹುಬ್ಬು ಗಂಟಿಕ್ಕಿ ಸುಮ್ಮನಾಗಿಸಿದರು.

ಗಾಜಿನ ಕಡ್ಡಿ ಉರುಳಿ ಎಲ್ಲೋ ಮೇಜಿನ ಕೆಳಗೆ ಬಿದ್ದಿತ್ತು. ಅವರು ಅದನ್ನು ಹುಡುಕಲಿಲ್ಲ. ಅಕ್ಕ ನೋಡಿ ಮುಗಿಸುವವರೆಗೂ ಟಾರ್ಚ್ ಹಿಡಿದುಕೊಂಡೇ ನಿಂತಿದ್ದರು.